ಉಸಿರು ಮರಳಿದ ಮೇಲಿನ ಗಂಟೆಗಳು

ಹಿಂದಿನ ಸಂಚಿಕೆಯಲ್ಲಿ ಒಂದು ಉತ್ತರದ ನಡುವೆ ನಾನು ಹೀಗೆ ಬರೆದಿದ್ದೆ: ‘ಹುಟ್ಟಿದ ಮಗುವಿಗೆ ಸ್ವಲ್ಪ ಹೊತ್ತು ಆಕ್ಸಿಜನ್ ಸಿಗದೆ ಹೋದರೆ ಮೆದುಳಿನ ಕೋಶಗಳು ಸಾಯದೇ ಇರಬಹುದು. ಆದರೆ ಒಂದು ಕೋಶಕ್ಕೂ ಇನ್ನೊಂದಕ್ಕೂ ನಡುವಿನ ಕೊಂಡಿಯಲ್ಲಿರುವ ಪ್ರೋಟೀನ್‌ಗಳು ಬದಲಾಗಬಹುದು.’ ಈ ಸಾಲು ಎಷ್ಟು ಮನೆಗಳ ನಿದ್ದೆ ಕೆಡಿಸಿದೆ ಅಂತ ಪತ್ರಗಳನ್ನು ಓದಿದಾಗ ತಿಳಿಯಿತು. ಅದಕ್ಕೇ ಈ ಸಲದ ಅಂಕಣ ಪೂರ್ತಿ ಇದೇ ವಿಷಯಕ್ಕೆ. ನವಜಾತ ಶಿಶುಗಳ ಐಸಿಯುಗೆ ಬರುವ ಮೊದಲು ನಾನು ಕೆಲವು ವರ್ಷ ಲ್ಯಾಬ್‌ನಲ್ಲಿ ಇಲಿಮರಿಗಳ ಮೆದುಳಿನ ಪ್ರೋಟೀನ್ ಅಳೆಯುವ ಕೆಲಸದಲ್ಲಿದ್ದೆ. ಹಾಗಾಗಿ ಲ್ಯಾಬ್‌ನ ಮಾತನ್ನೂ ತೊಟ್ಟಿಲಿನ ಮಾತನ್ನೂ ಸೇರಿಸಿಯೇ ಉತ್ತರಿಸುತ್ತೇನೆ.

ಪ್ರಶ್ನೆ: ಡಾಕ್ಟರ್ ಮೇಡಂ, ನನ್ನ ಮಗ ಹುಟ್ಟಿದ ಕೂಡಲೇ ಅಳಲಿಲ್ಲ. ಮುಖಕ್ಕೆ ಮಾಸ್ಕ್ ಇಟ್ಟು ಗಾಳಿ ಕೊಟ್ಟರು. ಎರಡು ಮೂರು ನಿಮಿಷದಲ್ಲಿ ಅತ್ತ. ಡಿಸ್ಚಾರ್ಜ್ ಚೀಟಿಯಲ್ಲಿ ಅಪ್ಗಾರ್ ಅಂಕ 1 ನಿಮಿಷಕ್ಕೆ 4, 5 ನಿಮಿಷಕ್ಕೆ 8 ಅಂತ ಇದೆ. ಅದೇ ದಿನ ಸಂಜೆ ಎದೆಹಾಲು ಚೆನ್ನಾಗಿ ಕುಡಿದ. ಈಗ 2 ತಿಂಗಳು. ನನ್ನ ಮುಖ ನೋಡಿ ನಗುತ್ತಾನೆ. ನಿಮ್ಮ ಸಾಲು ಓದಿದಾಗಿನಿಂದ ಹೆದರಿಕೆ. ಅವನ ಮೆದುಳಿನ ಪ್ರೋಟೀನ್ ಹಾಳಾಗಿದೆಯಾ?
– ಒಬ್ಬ ತಾಯಿ

ಉತ್ತರ: ನೋಡಿ ಅಮ್ಮಾ, ಮೊದಲು ನಿಮ್ಮ ಮಗನ ಮಾತು. ಪ್ರೋಟೀನ್ ವಿಷಯ ಆಮೇಲೆ.

ಹೊಟ್ಟೆಯೊಳಗೆ ಇರುವಾಗ ಎಲ್ಲ ಮಕ್ಕಳೂ ನಮಗಿಂತ ತುಂಬಾ ಕಡಿಮೆ ಆಕ್ಸಿಜನ್‌ನಲ್ಲಿ ಬೆಳೆಯುತ್ತಾರೆ. ಹುಟ್ಟಿದ ಕೂಡಲೇ ಅದು 95ಕ್ಕೆ ಹಾರುವುದಿಲ್ಲ. ಏನೂ ತೊಂದರೆ ಇಲ್ಲದ, ತುಂಬಿದ ತಿಂಗಳ ಮಗುವಿನಲ್ಲೂ 1 ನಿಮಿಷಕ್ಕೆ ರಕ್ತದ ಆಕ್ಸಿಜನ್ ಮಟ್ಟ ಸುಮಾರು 60ರಿಂದ 65 ಶೇಕಡಾ ಇರುತ್ತದೆ. 5 ನಿಮಿಷಕ್ಕೆ 80ರಿಂದ 85. 85–95ರ ಹತ್ತಿರ ಬರಲು 10 ನಿಮಿಷ ಬೇಕು. ಅಂದರೆ ಹುಟ್ಟುವ ಪ್ರತಿ ಮಗುವೂ ‘ಕಡಿಮೆ ಆಕ್ಸಿಜನ್’ ದಾಟಿಯೇ ಬರುತ್ತದೆ. ಅದರ ಮೆದುಳು ಅದಕ್ಕೆ ತಯಾರಾಗಿಯೇ ಇರುತ್ತದೆ. ಹುಟ್ಟುವ ಮಕ್ಕಳಲ್ಲಿ 100ಕ್ಕೆ 10ರಷ್ಟು ಮಕ್ಕಳಿಗೆ ಉಸಿರು ಶುರು ಮಾಡಲು ಏನಾದರೂ ಸಹಾಯ ಬೇಕಾಗುತ್ತದೆ. ಎದೆ ಒತ್ತುವುದು, ಔಷಧಿ ಕೊಡುವುದು ಇಂಥ ದೊಡ್ಡ ಪ್ರಯತ್ನ ಬೇಕಾಗುವುದು 100ರಲ್ಲಿ 1ಕ್ಕಿಂತ ಕಡಿಮೆ ಮಕ್ಕಳಿಗೆ. ನಿಮ್ಮ ಮಗ ಮೊದಲ ಗುಂಪಿನವನು.

ಇನ್ನು ಆ ಅಂಕ. 1952ರಲ್ಲಿ ವರ್ಜೀನಿಯಾ ಅಪ್ಗಾರ್ ಅನ್ನುವ ಅರಿವಳಿಕೆ ವೈದ್ಯೆ ಇದನ್ನು ರೂಪಿಸಿದರು. ಎದೆಬಡಿತ, ಉಸಿರು, ಮೈಯ ಬಿಗಿ, ಕೆಣಕಿದರೆ ಮಗು ಮಾಡುವ ಪ್ರತಿಕ್ರಿಯೆ, ಮೈಬಣ್ಣ, ಈ ಐದಕ್ಕೆ 0ಯಿಂದ 2ರವರೆಗೆ ಅಂಕ. ಈ ಕ್ಷಣ ಮಗು ಹೇಗಿದೆ, ಕೈ ಹಾಕಬೇಕಾ ಅಂತ ಕೋಣೆಯಲ್ಲಿರುವವರಿಗೆ ತಿಳಿಯಲಿ ಅಂತ ಮಾಡಿದ್ದು. ಅದರಿಂದ ಮುಂದಿನ ಬದುಕನ್ನು ಓದಲು ಹೋಗಬಾರದು. ಅಮೆರಿಕದಲ್ಲಿ ನೆಲ್ಸನ್ ಮತ್ತು ಎಲೆನ್‌ಬರ್ಗ್ 1981ರಲ್ಲಿ ದೊಡ್ಡ ಸಂಖ್ಯೆಯ ಮಕ್ಕಳ ದಾಖಲೆ ನೋಡಿ ಬರೆದದ್ದು ನನಗೆ ಈಗಲೂ ಉಪಯೋಗಕ್ಕೆ ಬರುತ್ತದೆ. ಮುಂದೆ ಸೆರೆಬ್ರಲ್ ಪಾಲ್ಸಿ (ಮೆದುಳಿಗಾದ ತೊಂದರೆಯಿಂದ ಮೈಯ ಚಲನೆ, ಬಿಗಿ ಕೆಡುವ ಸ್ಥಿತಿ) ಕಾಣಿಸಿಕೊಂಡ ಮಕ್ಕಳಲ್ಲಿ 73 ಶೇಕಡಾ ಮಕ್ಕಳಿಗೆ 5ನೇ ನಿಮಿಷದ ಅಂಕ 7ರಿಂದ 10 ಇತ್ತು. ಒಳ್ಳೆಯ ಅಂಕ ಎಲ್ಲವನ್ನೂ ಖಾತ್ರಿ ಮಾಡುವುದಿಲ್ಲ, ಕಡಿಮೆ ಅಂಕ ಎಲ್ಲವನ್ನೂ ಕೆಡಿಸುವುದೂ ಇಲ್ಲ.

ಹಾಗಾದರೆ ನಾವು ಏನು ನೋಡುತ್ತೇವೆ? ಮೊದಲ ಕೆಲವು ಗಂಟೆ ಮಗು ಹೇಗೆ ನಡೆದುಕೊಂಡಿತು ಅನ್ನುವುದನ್ನು. ಎಚ್ಚರ ಇತ್ತಾ? ಕೈಕಾಲು ಬಿಗಿ ಇತ್ತಾ, ತೀರಾ ಸಡಿಲ ಇತ್ತಾ? ಚೀಪಿತಾ? ಫಿಟ್ಸ್ ಬಂತಾ? 1976ರಲ್ಲಿ ಹಾರ್ವೆ ಸಾರ್ನಾಟ್, ಮಾರ್ಗರೆಟ್ ಸಾರ್ನಾಟ್ ಇಂಥ ಲಕ್ಷಣಗಳ ಮೇಲೆಯೇ ಮೂರು ಹಂತ ಮಾಡಿದರು. ಇಂದಿಗೂ ಐಸಿಯುನಲ್ಲಿ ಅದನ್ನೇ ಬಳಸುತ್ತೇವೆ. ಸಂಜೆಗೆ ಚೆನ್ನಾಗಿ ಹಾಲು ಕುಡಿದ, ಫಿಟ್ಸ್ ಬಾರದ, 2 ತಿಂಗಳಿಗೆ ಮುಖ ನೋಡಿ ನಗುವ ಮಗು ಅಂದರೆ ನನಗೆ ಭಯ ಪಡಲು ಕಾರಣ ಕಾಣುವುದಿಲ್ಲ. ಎಲ್ಲ ಮಕ್ಕಳಿಗೂ ಇರುವ ಮಾಮೂಲಿ ತಪಾಸಣೆಗಳನ್ನು ತಪ್ಪಿಸಬೇಡಿ, ಅಷ್ಟೇ. ನಾನು ಬರೆದ ಸಾಲು ಬೇರೆಯದೇ ಆಳದ ಕೊರತೆಯ ಬಗ್ಗೆ. ಅದನ್ನು ಕೆಳಗೆ ಹೇಳುತ್ತೇನೆ. ನೀವು ಓದಲೇಬೇಕು ಅಂತ ಇಲ್ಲ, ಮಲಗಿ.

ಪ್ರಶ್ನೆ: ನಾನು ಜೀವಶಾಸ್ತ್ರ ಓದುತ್ತಿದ್ದೇನೆ. ಆಕ್ಸಿಜನ್ ಕಡಿಮೆಯಾದಾಗ ಸಿನಾಪ್ಸ್‌ನ ಯಾವ ಪ್ರೋಟೀನ್‌ಗೆ ಏನಾಗುತ್ತದೆ? ಹಂತ ಹಂತವಾಗಿ ಹೇಳುತ್ತೀರಾ? ಸ್ವಲ್ಪ ಹೊತ್ತಿಗೇ ಇಷ್ಟೆಲ್ಲ ಆಗಲು ಸಾಧ್ಯವೇ?
– ಒಬ್ಬ ವಿದ್ಯಾರ್ಥಿನಿ

ಉತ್ತರ: ಈ ಪ್ರಶ್ನೆಗೆ ಪುಟ ಜಾಸ್ತಿ ಹಿಡಿಯುತ್ತದೆ, ತಾಳ್ಮೆ ಇರಲಿ.

ಸಿನಾಪ್ಸ್ ಅಂದರೆ ಎರಡು ನರಕೋಶಗಳು ಮಾತಾಡುವ ಜಾಗ. ನಡುವೆ ಸುಮಾರು 20 ನ್ಯಾನೋಮೀಟರ್ ಸಂದು. ಸಂದೇಶ ಕಳಿಸುವ ಕಡೆ ಸಂದೇಶ ಒಯ್ಯುವ ರಾಸಾಯನಿಕವಾದ ಗ್ಲುಟಮೇಟ್ ತುಂಬಿದ ಪುಟ್ಟ ಕೋಶಿಕೆಗಳು ಕಾದಿರುತ್ತವೆ. ಅವುಗಳ ಮೈಮೇಲೆ ಸಿನಾಪ್ಟೋಫೈಸಿನ್ ಅನ್ನುವ ಪ್ರೋಟೀನ್ ಇರುತ್ತದೆ. ಕೋಶಿಕೆ ಅಂಚಿಗೆ ಬಂದು ಬೆಸೆದುಕೊಂಡು ಒಡೆಯಬೇಕಾದರೆ ಮೂರು ಪ್ರೋಟೀನ್‌ಗಳು ಒಂದಕ್ಕೊಂದು ಹೆಣೆದುಕೊಳ್ಳಬೇಕು: ಸ್ನ್ಯಾಪ್-25, ಸಿಂಟ್ಯಾಕ್ಸಿನ್, ಸಿನಾಪ್ಟೋಬ್ರೆವಿನ್. ಕೋಶಿಕೆಗಳು ಹೀಗೆ ಸರಿಯಾದ ಜಾಗಕ್ಕೆ ಹೋಗಿ ಸರಿಯಾದ ಹೊತ್ತಿಗೆ ಬೆಸೆಯುವ ಬಗೆಯನ್ನು ಬಿಡಿಸಿದ್ದಕ್ಕೇ 2013ರ ನೊಬೆಲ್ ರಾಥ್‌ಮನ್, ಶೆಕ್‌ಮನ್, ಸುಡಾಫ್ ಅವರಿಗೆ ಬಂತು. ಸಂದೇಶ ತಗೊಳ್ಳುವ ಕಡೆ ಗ್ಲುಟಮೇಟ್‌ಗಾಗಿ ಎರಡು ಮುಖ್ಯ ಗ್ರಾಹಕಗಳಿವೆ (ಗ್ಲುಟಮೇಟ್ ಅಂಟಿದಾಗ ತೆರೆಯುವ, ಬಾಗಿಲಿನಂಥ ಪ್ರೋಟೀನ್‌ಗಳು), ಎಎಂಪಿಎ ಮತ್ತು ಎನ್‌ಎಂಡಿಎ. ಅವನ್ನು ಕೆಳಗಿನಿಂದ ಜಾಗದಲ್ಲಿ ಹಿಡಿದಿಡುವುದು ಪಿಎಸ್‌ಡಿ-95. ಲ್ಯಾಬ್‌ನಲ್ಲಿ ನಾವು ಪದೇ ಪದೇ ಅಳೆಯುತ್ತಿದ್ದದ್ದು ಇವನ್ನೇ.

ಹುಟ್ಟಿದ ಮಗುವಿನ ಸಿನಾಪ್ಸ್ ದೊಡ್ಡವರ ಸಿನಾಪ್ಸ್‌ನ ಚಿಕ್ಕ ರೂಪ ಅಲ್ಲ. ಅದರ ಎನ್‌ಎಂಡಿಎ ಗ್ರಾಹಕದಲ್ಲಿ ಜಿಎಲ್‌ಯುಎನ್2ಬಿ ಅನ್ನುವ ತುಂಡು ಜಾಸ್ತಿ. ಅದು ತೆರೆದರೆ ಜಾಸ್ತಿ ಹೊತ್ತು ತೆರೆದೇ ಇರುತ್ತದೆ. ಬೆಳೆಯುತ್ತಾ ಹೋದಂತೆ ಬೇಗ ಮುಚ್ಚುವ 2ಎ ಅದರ ಜಾಗಕ್ಕೆ ಬರುತ್ತದೆ. ಎಎಂಪಿಎ ಗ್ರಾಹಕಗಳಲ್ಲಿ ಅನೇಕಕ್ಕೆ ಕ್ಯಾಲ್ಸಿಯಂ ತಡೆಯುವ ಜಿಎಲ್‌ಯುಎ2 ಅನ್ನುವ ತುಂಡು ಇರುವುದಿಲ್ಲ, ಹಾಗಾಗಿ ಅವೂ ಕ್ಯಾಲ್ಸಿಯಂ ಒಳಗೆ ಬಿಡುತ್ತವೆ. ದೊಡ್ಡವರಲ್ಲಿ ಮೆದುಳನ್ನು ಶಾಂತ ಮಾಡುವ ಗಾಬಾ ಕೂಡ ಈ ವಯಸ್ಸಿನಲ್ಲಿ ಅನೇಕ ಕೋಶಗಳನ್ನು ಕೆರಳಿಸುತ್ತದೆ. ಇದೆಲ್ಲ ದೋಷ ಅಂತ ಅಂದುಕೊಳ್ಳಬೇಡಿ. ಇಷ್ಟು ಬೇಗ ಕಲಿಯಬೇಕು, ಇಷ್ಟು ಕೊಂಡಿ ಕಟ್ಟಬೇಕು ಅಂದರೆ ಕ್ಯಾಲ್ಸಿಯಂ ಸುಲಭವಾಗಿ ಒಳಗೆ ಬರಬೇಕು. ಕಲಿಕೆಗೆ ತೆರೆದ ಅದೇ ಬಾಗಿಲುಗಳು ಆಕ್ಸಿಜನ್ ಇಲ್ಲದಾಗ ಅಪಾಯಕ್ಕೂ ತೆರೆದಿರುತ್ತವೆ.

ಈಗ ಆಕ್ಸಿಜನ್ ನಿಂತಿತು ಅಂದುಕೊಳ್ಳಿ. ಕೋಶದ ಇಂಧನವಾದ ಎಟಿಪಿ ಕುಸಿಯುತ್ತದೆ. ಎಟಿಪಿಯನ್ನು ಅತಿ ಹೆಚ್ಚು ತಿನ್ನುವುದು ಸೋಡಿಯಂ–ಪೊಟ್ಯಾಸಿಯಂ ಪಂಪ್. ದೋಣಿಯೊಳಗೆ ಜಿನುಗುವ ನೀರನ್ನು ಒಂದೇ ಸಮ ಮೊಗೆದು ಹಾಕುವವನ ಕೈ ನಿಂತರೆ ಹೇಗೋ ಹಾಗೆ, ಪಂಪ್ ನಿಂತರೆ ಸೋಡಿಯಂ ಒಳಗೆ ತುಂಬುತ್ತದೆ. ಕೋಶ ತಾನಾಗಿಯೇ ಕೆರಳುತ್ತದೆ. ಗ್ಲುಟಮೇಟ್ ಸುರಿಯುತ್ತದೆ. ಸುರಿದದ್ದನ್ನು ವಾಪಸ್ ಎಳೆದುಕೊಳ್ಳುವ ಪ್ರೋಟೀನ್‌ಗಳಿಗೂ ಕೋಶದ ಒಳಗೂ ಹೊರಗೂ ಇರುವ ಸೋಡಿಯಂನ ವ್ಯತ್ಯಾಸವೇ ಬಲ, ಹಾಗಾಗಿ ಅವೂ ಸೋಲುತ್ತವೆ. ಸಂದಿನಲ್ಲಿ ಗ್ಲುಟಮೇಟ್ ನಿಂತೇ ಇರುತ್ತದೆ. ಗ್ರಾಹಕಗಳು ತೆರೆದು ಕ್ಯಾಲ್ಸಿಯಂ ನುಗ್ಗುತ್ತದೆ. ಗ್ಲುಟಮೇಟ್ ಹೀಗೆ ಅತಿಯಾಗಿ ಕೆರಳಿಸಿ ಕೋಶವನ್ನೇ ಕೊಲ್ಲಬಲ್ಲದು ಅಂತ 1969ರಲ್ಲಿ ಜಾನ್ ಓಲ್ನಿ ತೋರಿಸಿದರು.

ಕ್ಯಾಲ್ಸಿಯಂ ಒಳಗೆ ಬಂದ ಮೇಲೆ ಪ್ರೋಟೀನ್‌ಗಳಿಗೆ ಎರಡು ಬಗೆಯ ಬದಲಾವಣೆ ಆಗುತ್ತದೆ. ನಿಮ್ಮ ‘ಸ್ವಲ್ಪ ಹೊತ್ತಿಗೇ ಇಷ್ಟೆಲ್ಲ ಆಗುತ್ತಾ’ ಅನ್ನುವ ಪ್ರಶ್ನೆಗೆ ಉತ್ತರ ಇರುವುದೂ ಇಲ್ಲೇ.

ಒಂದು, ಕತ್ತರಿಸುವುದು. ಕ್ಯಾಲ್ಪೇನ್ ಅನ್ನುವ ಕಿಣ್ವ ಕ್ಯಾಲ್ಸಿಯಂನಿಂದ ಎಚ್ಚರಗೊಳ್ಳುತ್ತದೆ. ಕೋಶದ ಹಂದರವಾದ ಸ್ಪೆಕ್ಟ್ರಿನ್, ಗ್ರಾಹಕಗಳನ್ನು ಹಿಡಿದಿಡುವ ಪಿಎಸ್‌ಡಿ-95, ಎನ್‌ಎಂಡಿಎ ಗ್ರಾಹಕದ ಒಳಬದಿಯ ಬಾಲ, ಇವನ್ನೆಲ್ಲ ಅದು ಕತ್ತರಿಸಬಲ್ಲದು. ಇದು ಆಳವಾದ, ಉದ್ದವಾದ ಕೊರತೆಯಲ್ಲಿ ಜಾಸ್ತಿ.

ಎರಡು, ಗುರುತು ಹಚ್ಚುವುದು. ಕೈನೇಸ್ ಅನ್ನುವ ಕಿಣ್ವಗಳು ಗ್ರಾಹಕಕ್ಕೆ ಒಂದು ಫಾಸ್ಫೇಟ್ ಅಂಟಿಸುತ್ತವೆ. ಗ್ರಾಹಕ ಅದೇ, ನಡೆತೆ ಬೇರೆ. ಇದಕ್ಕೆ ಹೊಸ ಪ್ರೋಟೀನ್ ತಯಾರಾಗಬೇಕಿಲ್ಲ, ಕೋಶ ಸಾಯಬೇಕಿಲ್ಲ, ನಿಮಿಷಗಳು ಸಾಕು. ನವಜಾತ ಹಂದಿಮರಿಗಳಲ್ಲಿ ಮಾರಿಯಾ ಡೆಲಿವೋರಿಯಾ-ಪಾಪಡೋಪೌಲೋಸ್ ಅವರ ತಂಡ ಎನ್‌ಎಂಡಿಎ ಗ್ರಾಹಕ ಹೀಗೆ ಬದಲಾಗುವುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿತು. ಇಲಿಮರಿಗಳ ಮೇಲೆ ಫ್ರಾನ್ಸಿಸ್ ಜೆನ್ಸನ್ ಅವರ ತಂಡದ ಕೆಲಸ ನನ್ನ ಸಾಲಿನ ಹಿಂದಿರುವ ಮುಖ್ಯ ಆಧಾರ. ಸುಮಾರು 10 ದಿನದ ಮರಿಗಳನ್ನು ಸ್ವಲ್ಪ ಹೊತ್ತು ತುಂಬಾ ಕಡಿಮೆ ಆಕ್ಸಿಜನ್‌ನಲ್ಲಿ ಇಟ್ಟರು. ಮರಿಗಳಿಗೆ ಫಿಟ್ಸ್ ಬಂತು, ನಿಂತಿತು. ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದೊಡ್ಡ ಮಟ್ಟದ ಕೋಶನಾಶ ಕಾಣಲಿಲ್ಲ. ಆದರೆ ಎಎಂಪಿಎ ಗ್ರಾಹಕದ ಜಿಎಲ್‌ಯುಎ1ಕ್ಕೆ ಬೇಗನೆ ಫಾಸ್ಫೇಟ್ ಅಂಟಿತ್ತು. ನಂತರದ ದಿನಗಳಲ್ಲಿ ಮೆದುಳಿನಲ್ಲಿ ನೆನಪಿನ ಭಾಗವಾದ ಹಿಪ್ಪೋಕ್ಯಾಂಪಸ್‌ನಲ್ಲಿ ಜಿಎಲ್‌ಯುಎ2 ಕಡಿಮೆಯಾಗಿತ್ತು. ಆ ಮರಿಗಳು ಬೆಳೆದ ಮೇಲೂ ಅವಕ್ಕೆ ಫಿಟ್ಸ್ ಸುಲಭವಾಗಿ ಬರುತ್ತಿತ್ತು. ಕಲಿಕೆಗೆ ಬೇಕಾದ ‘ಮೌನ ಸಿನಾಪ್ಸ್’ಗಳು, ಅಂದರೆ ಎನ್‌ಎಂಡಿಎ ಮಾತ್ರ ಇದ್ದು ಎಎಂಪಿಎ ಇನ್ನೂ ಬಂದಿರದ ಕೊಂಡಿಗಳು, ಹೊತ್ತಿಗೆ ಮುಂಚೆಯೇ ಕಡಿಮೆಯಾಗಿದ್ದವು. ಬೆಳೆದ ಇಲಿಗಳಿಗೆ ಇದೇ ಪ್ರಯೋಗ ಮಾಡಿದರೆ ಅಂಥ ಪರಿಣಾಮ ಬರಲಿಲ್ಲ. ವಯಸ್ಸಿನ ಒಂದು ಕಿಟಕಿಯಲ್ಲಿ ಮಾತ್ರ ಮೆದುಳು ಹೀಗೆ ಸೂಕ್ಷ್ಮ.

ಇಲ್ಲಿ ನಿಮಗೆ ವಿಚಿತ್ರ ಅನ್ನಿಸುವ ಇನ್ನೊಂದು ಸಂಗತಿ ಇದೆ. ಆಕ್ಸಿಜನ್ ಇಲ್ಲದೆ ಬದುಕಿ ಉಳಿಯುವ ವಿಷಯದಲ್ಲಿ ನವಜಾತ ಪ್ರಾಣಿ ದೊಡ್ಡದಕ್ಕಿಂತ ಗಟ್ಟಿ. ರಾಬರ್ಟ್ ಬಾಯ್ಲ್ ಇದನ್ನು 17ನೇ ಶತಮಾನದಲ್ಲೇ ಬೆಕ್ಕಿನ ಮರಿಗಳಲ್ಲಿ ಗಮನಿಸಿದ್ದರು. ಮರಿಯ ಮೆದುಳಿಗೆ ಬೇಕಾದ ಇಂಧನವೇ ಕಡಿಮೆ, ಅದಕ್ಕೇ ತಡೆದುಕೊಳ್ಳುತ್ತದೆ. ಕೋಶ ತಡೆದುಕೊಳ್ಳುತ್ತದೆ, ಆದರೆ ಕೊಂಡಿ ಸುಲಭವಾಗಿ ಬದಲಾಗುತ್ತದೆ. ಎರಡೂ ಒಟ್ಟಿಗೆ ನಿಜ. ಇದು ಅರ್ಥವಾಗಲು ನನಗೆ ಲ್ಯಾಬ್‌ನ ವರ್ಷಗಳು ಬೇಕಾದವು. ಈ ವಿಷಯದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದೂ ಇದೇ.

ಪ್ರೋಟೀನ್ ಅಳತೆಯ ಬಗ್ಗೆ ಒಂದು ಎಚ್ಚರಿಕೆ. ನೀವು ಮುಂದೆ ಇದೇ ಕೆಲಸಕ್ಕೆ ಹೋಗುವವರು ಇರಬಹುದು, ಅದಕ್ಕೇ ಹೇಳುತ್ತೇನೆ. ಮೆದುಳಿನ ತುಣುಕನ್ನು ಐಸ್ ಮೇಲೆ ಬಿಡಿಸಿ, ಅರೆದು, ಜೆಲ್‌ನಲ್ಲಿ ಓಡಿಸಿ, ಆಂಟಿಬಾಡಿ ಹಾಕಿದರೆ ಒಂದು ಗೆರೆ ಮೂಡುತ್ತದೆ. ಗೆರೆ ಮಸುಕಾದರೆ ಪ್ರೋಟೀನ್ ಕಡಿಮೆ ಅಂತ ಓದುತ್ತೇವೆ. ಆದರೆ ಕಡಿಮೆ ಯಾಕೆ? ಕತ್ತರಿಸಿಹೋಯಿತಾ, ತಯಾರಿ ನಿಂತಿತಾ, ಸಿನಾಪ್ಸ್‌ಗಳೇ ಕಡಿಮೆಯಾದವಾ? ಒಂದೇ ಗೆರೆ ಇದನ್ನು ಹೇಳುವುದಿಲ್ಲ. ಕೆಲವೊಮ್ಮೆ ಒಟ್ಟು ಅಳತೆ ಹಾಗೇ ಇರುತ್ತದೆ, ಗ್ರಾಹಕ ಮಾತ್ರ ಕೊಂಡಿಯಿಂದ ಪಕ್ಕಕ್ಕೆ ಜರುಗಿರುತ್ತದೆ. ಸಿನಾಪ್ಸ್ ಭಾಗವನ್ನೇ ಬೇರ್ಪಡಿಸಿ ಅಳೆದರೆ ಆಗ ಗೊತ್ತಾಗುತ್ತದೆ. ಎಷ್ಟು ಗಂಟೆಯ ಮೇಲೆ ತೆಗೆದ ಮೆದುಳು ಅನ್ನುವುದನ್ನು ನೋಡದೆ ಯಾವ ಫಲಿತಾಂಶವನ್ನೂ ಓದಬೇಡಿ. 1 ಗಂಟೆಯ ಚಿತ್ರ, 1 ದಿನದ ಚಿತ್ರ, 1 ವಾರದ ಚಿತ್ರ ಬೇರೆ ಬೇರೆ.

ಪ್ರಶ್ನೆ: ನನ್ನ ಮಗಳಿಗೆ ಹುಟ್ಟುವಾಗ ಉಸಿರು ತಡವಾಯಿತು, ಆದರೆ ಆಮೇಲೆ ಆಕ್ಸಿಜನ್ ಸರಿಯಾಗಿತ್ತು. ಬಣ್ಣವೂ ಚೆನ್ನಾಗಿ ಬಂತು. ಹಾಗಿದ್ದೂ ರಾತ್ರಿ ಫಿಟ್ಸ್ ಶುರುವಾಯಿತು. ಆಕ್ಸಿಜನ್ ಬಂದ ಮೇಲೆ ಯಾಕೆ?
– ಒಬ್ಬ ತಂದೆ

ಉತ್ತರ: ಐಸಿಯು ಬಾಗಿಲಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು. ಅಲ್ಲಿ ನಿಂತವರಿಗೆ ಇದು ಮೋಸ ಹೋದ ಹಾಗೆ ಅನ್ನಿಸುತ್ತದೆ, ಅಲ್ವಾ? ಮಗು ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ಕಣ್ಣಾರೆ ನೋಡಿರುತ್ತಾರೆ.

1980ರ ದಶಕದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓಸ್ಮಂಡ್ ರೆನಾಲ್ಡ್ಸ್ ಅವರ ತಂಡ ನವಜಾತ ಶಿಶುಗಳ ಮೆದುಳಿನ ಇಂಧನವನ್ನು ಮುಟ್ಟದೆಯೇ, ಕಾಂತಕ್ಷೇತ್ರದ ಯಂತ್ರದಿಂದ ಅಳೆದರು. ಉಸಿರು ಮರಳಿದ ಮೇಲೆ ಕೆಲವು ಗಂಟೆ ಮೆದುಳಿನ ಇಂಧನ ಸರಿಯಾಗಿಯೇ ಕಾಣುತ್ತದೆ. ಆಮೇಲೆ, ಸುಮಾರು 6 ಗಂಟೆಯಿಂದ ಎರಡು ಮೂರು ದಿನದ ಒಳಗೆ, ಆಕ್ಸಿಜನ್ ಇದ್ದರೂ ರಕ್ತದೊತ್ತಡ ಇದ್ದರೂ ಎರಡನೇ ಸಲ ಕುಸಿಯುತ್ತದೆ. ಮೊದಲ ಪೆಟ್ಟಿನಲ್ಲಿ ನುಗ್ಗಿದ ಕ್ಯಾಲ್ಸಿಯಂ, ಹಾಳಾದ ಮೈಟೊಕಾಂಡ್ರಿಯಾ (ಕೋಶದೊಳಗೆ ಇಂಧನ ತಯಾರಿಸುವ ಭಾಗ), ಎಚ್ಚೆತ್ತ ಉರಿಯೂತ, ಇವೆಲ್ಲ ಒಳಗೇ ಕೆಲಸ ಮಾಡುತ್ತಿರುತ್ತವೆ. ಫಿಟ್ಸ್ ಹೆಚ್ಚಾಗಿ ಬರುವುದು ಈ ಹೊತ್ತಿನಲ್ಲೇ. ಮೇಲೆ ಹೇಳಿದ ಹಾಗೆ ಮಗುವಿನ ಸಿನಾಪ್ಸ್‌ನಲ್ಲಿ ಕೆರಳಿಸುವ ಬಲ ಜಾಸ್ತಿ, ತಡೆಯುವ ಬಲ ಇನ್ನೂ ಬೆಳೆದಿಲ್ಲ. ಫಿಟ್ಸ್ ನಿಲ್ಲಿಸಲು ಕೊಡುವ ಫಿನೋಬಾರ್ಬಿಟಾಲ್ ಗಾಬಾದ ಮೂಲಕವೇ ಕೆಲಸ ಮಾಡುವ ಮದ್ದು. ಅದು ಕೆಲವು ಮಕ್ಕಳಲ್ಲಿ ಅಂದುಕೊಂಡಷ್ಟು ಹಿಡಿಯದೇ ಇರುವುದಕ್ಕೆ ಇದೂ ಒಂದು ಕಾರಣ ಅಂತ ಭಾವಿಸುತ್ತೇವೆ.

ನಿಮ್ಮ ಪತ್ರದಲ್ಲಿ ‘ಗಮನಿಸಲಿಲ್ಲವೇನೋ’ ಅಂತ ಒಂದು ಮಾತಿದೆ. ಮಗುವಿನ ಫಿಟ್ಸ್ ದೊಡ್ಡವರ ಹಾಗೆ ಇರುವುದಿಲ್ಲ. ಕಣ್ಣು ಒಂದೇ ಕಡೆ ನೆಡುವುದು, ತುಟಿ ಚಪ್ಪರಿಸುವುದು, ಸೈಕಲ್ ತುಳಿದ ಹಾಗೆ ಕಾಲಾಡಿಸುವುದು, ಉಸಿರು ನಿಲ್ಲುವುದು ಹೀಗೆಲ್ಲ ಬರುತ್ತದೆ. ಅನೇಕ ಸಲ ಹೊರಗೆ ಏನೂ ಕಾಣದೆ, ಮೆದುಳಿನ ವಿದ್ಯುತ್ ದಾಖಲಿಸುವ ಇಇಜಿಯಲ್ಲಿ ಮಾತ್ರ ಸಿಗುತ್ತದೆ. ಮೈ ಮುಟ್ಟಿ ಹಿಡಿದರೆ ನಿಲ್ಲುವ ನಡುಕ ಫಿಟ್ಸ್ ಅಲ್ಲ. ನೀವು ಅದನ್ನು ಹಿಡಿಯಬೇಕಿತ್ತು ಅಂತ ಯಾರೂ ಹೇಳಲಾರರು. ಆ ಭಾರ ಇಳಿಸಿ ಸ್ವಾಮಿ.

ಪ್ರಶ್ನೆ: ನಾನು ಹೆರಿಗೆ ಕೋಣೆಯ ನರ್ಸ್. ಇಂಥ ಮಕ್ಕಳನ್ನು ತಂಪು ಮಾಡುತ್ತಾರಲ್ಲ, ಅದು ಸಿನಾಪ್ಸ್ ಉಳಿಸುತ್ತದಾ? ಹುಟ್ಟಿದ 6 ಗಂಟೆಯೊಳಗೇ ಶುರು ಮಾಡಬೇಕು ಅಂತ ಯಾಕೆ ಗಡುವು?

ಉತ್ತರ: ಗಡುವಿನ ಕಾರಣ ಮೇಲಿನ ಉತ್ತರದಲ್ಲೇ ಇದೆ ಸಿಸ್ಟರ್. ಎರಡನೇ ಕುಸಿತ ಶುರುವಾಗುವ ಮೊದಲು ನಮಗೆ ಸಿಗುವ ಬಿಡುವು ಅಷ್ಟೇ. ಮೈಯ ಒಳಗಿನ ಬಿಸಿಯನ್ನು 33.5 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ 72 ಗಂಟೆ ಹಿಡಿದು, ಆಮೇಲೆ ನಿಧಾನವಾಗಿ ಏರಿಸುತ್ತೇವೆ. ತಂಪಿನಲ್ಲಿ ಕೋಶಕ್ಕೆ ಇಂಧನ ಕಡಿಮೆ ಸಾಕು, ಗ್ಲುಟಮೇಟ್ ಕಡಿಮೆ ಸುರಿಯುತ್ತದೆ, ಕತ್ತರಿಸುವ ಕಿಣ್ವಗಳೂ ನಿಧಾನವಾಗುತ್ತವೆ. 2005ರಲ್ಲಿ ಅಮೆರಿಕದ 208 ಮಕ್ಕಳ ಪ್ರಯೋಗದಲ್ಲಿ ಸಾವು ಅಥವಾ ಗಂಭೀರ ಅಂಗವೈಕಲ್ಯ 62 ಶೇಕಡಾದಿಂದ 44ಕ್ಕೆ ಇಳಿಯಿತು.

ಆದರೆ ಇದನ್ನು ಎಲ್ಲ ಕಡೆಯೂ ಕುರುಡಾಗಿ ಮಾಡಬಾರದು. ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಮಕ್ಕಳ ಮೇಲೆ ನಡೆದ ‘ಹೀಲಿಕ್ಸ್’ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ತಂಪು ಮಾಡಿದ ಗುಂಪಿನಲ್ಲಿ 42 ಶೇಕಡಾ ಮಕ್ಕಳು ತೀರಿಕೊಂಡರು, ಮಾಡದ ಗುಂಪಿನಲ್ಲಿ 31. ಓದಿದ ದಿನ ನಾನು ತುಂಬ ಹೊತ್ತು ಸುಮ್ನೆ ಕೂತಿದ್ದೆ. ಪೆಟ್ಟು ಹೆರಿಗೆಗೆ ಎಷ್ಟೋ ಮುಂಚೆಯೇ ಬಿದ್ದಿದ್ದರೆ ಆ 6 ಗಂಟೆ ಮಗು ಹುಟ್ಟುವ ಮೊದಲೇ ಕಳೆದಿರುತ್ತದೆ ಅನ್ನುವುದು ತಜ್ಞರು ಕೊಡುವ ಒಂದು ವಿವರಣೆ. ಪ್ರಯೋಗ ಮಾಡಿದವರು ಅದನ್ನು ಮುಚ್ಚಿಡದೆ ಹೇಳಿದ್ದು ಮಕ್ಕಳಿಗೆ ಮಾಡಿದ ದೊಡ್ಡ ಉಪಕಾರ. ನಿಮ್ಮ ಕೈಯಲ್ಲಿರುವುದು ಮೊದಲ ನಿಮಿಷ. ಮೈ ಒರೆಸಿ, ಉಸಿರಿಲ್ಲದಿದ್ದರೆ 60 ಸೆಕೆಂಡಿನೊಳಗೆ ಮಾಸ್ಕ್‌ನಿಂದ ಗಾಳಿ ಶುರು. ತುಂಬಿದ ತಿಂಗಳ ಮಗುವಿಗೆ ಕೋಣೆಯ ಗಾಳಿಯಿಂದಲೇ, ಅಂದರೆ 21 ಶೇಕಡಾ ಆಕ್ಸಿಜನ್‌ನಿಂದಲೇ ಆರಂಭ. ಶುರುವಿನಲ್ಲೇ ಶುದ್ಧ ಆಕ್ಸಿಜನ್ ಸುರಿದರೆ ಅದೂ ಕೆಡುಕೇ. ತಂಪು ಮಾಡುವ ಸೌಕರ್ಯ ಇಲ್ಲದ ಕಡೆ ಮಗುವಿಗೆ ಜ್ವರ ಬಾರದಂತೆ, ಸಕ್ಕರೆ ಮಟ್ಟ ಬೀಳದಂತೆ ನೋಡಿಕೊಂಡರೂ ಮೆದುಳಿಗೆ ಆಗುವ ಉಪಕಾರ ಸಣ್ಣದಲ್ಲ.

ಪ್ರಶ್ನೆ: ಈ ಪ್ರೋಟೀನ್‌ಗಳನ್ನು ಸರಿಪಡಿಸುವ ಮದ್ದು ಇದೆಯೇ? ಎನ್‌ಎಂಡಿಎ ಗ್ರಾಹಕವನ್ನೇ ಮುಚ್ಚಿಬಿಟ್ಟರೆ ಆಗದೇ?
– ಒಬ್ಬ ಅಧ್ಯಾಪಕರು

ಉತ್ತರ: ಎಲ್ಲರಿಗೂ ಹೊಳೆಯುವ ದಾರಿ ಅದೇ ಸರ್. ಆದರೆ 1999ರಲ್ಲಿ ಇಕೊನೊಮಿಡು ಮತ್ತು ಸಂಗಡಿಗರು ಇಲಿಮರಿಗಳಲ್ಲಿ ಆ ಗ್ರಾಹಕವನ್ನು ಮುಚ್ಚಿ ನೋಡಿದರು. ಆರೋಗ್ಯವಾಗಿದ್ದ ನರಕೋಶಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ಬೆಳೆಯುವ ಕೋಶ ಬದುಕಲು ಅದೇ ಗ್ರಾಹಕದಿಂದ ಒಂದಿಷ್ಟು ಸಂದೇಶ ಬರುತ್ತಲೇ ಇರಬೇಕು. ಅತಿಯಾದರೂ ಸಾವು, ಇಲ್ಲದಿದ್ದರೂ ಸಾವು. ಆ ಗ್ರಾಹಕವನ್ನು ಮೃದುವಾಗಿ ತಡೆಯುವ ಕ್ಸೆನಾನ್ ಅನಿಲವನ್ನು ತಂಪಿನ ಜೊತೆ ಕೊಟ್ಟು ನೋಡಿದರು, 2016ರ ಫಲಿತಾಂಶದಲ್ಲಿ ಹೆಚ್ಚುವರಿ ಲಾಭ ಕಾಣಲಿಲ್ಲ. ಕೆಂಪು ರಕ್ತಕಣ ಹೆಚ್ಚಿಸುವ ಹಾರ್ಮೋನ್ ಆದ ಎರಿತ್ರೊಪೊಯಿಟಿನ್ ಮೇಲೆ ನನಗೆ ತುಂಬಾ ಆಸೆ ಇತ್ತು. ಸುಮಾರು 500 ಮಕ್ಕಳ ಪ್ರಯೋಗ 2022ರಲ್ಲಿ ಮುಗಿದಾಗ ಅದೂ ಕೈ ಹಿಡಿಯಲಿಲ್ಲ. ‘ಮೆದುಳಿನ ಪ್ರೋಟೀನ್’ ಹೆಸರಿನಲ್ಲಿ ಯಾರಾದರೂ ಪುಡಿ, ಟಾನಿಕ್ ಮಾರಿದರೆ ದಯವಿಟ್ಟು ಕೊಳ್ಳಬೇಡಿ. ಬಾಯಿಂದ ತಿಂದ ಪ್ರೋಟೀನ್ ಹೊಟ್ಟೆಯಲ್ಲಿ ಕರಗುತ್ತದೆ, ಸಿನಾಪ್ಸ್‌ಗೆ ಹೋಗಿ ಕೂರುವುದಿಲ್ಲ.

ಪ್ರಶ್ನೆ: ನನ್ನ ಮಗು 29 ವಾರಕ್ಕೇ ಹುಟ್ಟಿತು. ಆಗಾಗ ಉಸಿರು ನಿಂತು ಮಾನಿಟರ್ ಕೂಗುತ್ತದೆ. ಕೆಫೀನ್ ಕೊಡುತ್ತಿದ್ದಾರೆ. ಇಷ್ಟು ಚಿಕ್ಕ ಮಗುವಿಗೆ ಕೆಫೀನಾ?

ಉತ್ತರ: ಹೌದು, ಧೈರ್ಯವಾಗಿ ಕೊಡಿಸಿ. ಉಸಿರಾಟದ ಕೇಂದ್ರ ಇನ್ನೂ ಬಲಿಯದ ಕಾರಣ 20 ಸೆಕೆಂಡ್ ಅಥವಾ ಜಾಸ್ತಿ ಉಸಿರು ನಿಲ್ಲುತ್ತದೆ. ಮತ್ತೆ ಮತ್ತೆ ಹೀಗೆ ಆಕ್ಸಿಜನ್ ಬಿದ್ದು ಏಳುವುದು ಬೆಳೆಯುವ ಕೊಂಡಿಗಳಿಗೆ ಒಳ್ಳೆಯದಲ್ಲ. ಉಸಿರನ್ನು ಮಂದ ಮಾಡುವ ಅಡಿನೋಸಿನ್ ಅನ್ನುವ ರಾಸಾಯನಿಕದ ಗ್ರಾಹಕವನ್ನು ಕೆಫೀನ್ ತಡೆದು ಉಸಿರನ್ನು ಚುರುಕು ಮಾಡುತ್ತದೆ. ಸುಮಾರು 2000 ಪುಟ್ಟ ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2007ರಲ್ಲಿ ಬಂತು. ಒಂದೂವರೆ ವರ್ಷ ದಾಟಿದ ಮೇಲೆ ನೋಡಿದಾಗ ಸೆರೆಬ್ರಲ್ ಪಾಲ್ಸಿ ಕೆಫೀನ್ ಪಡೆದವರಲ್ಲಿ 4.4 ಶೇಕಡಾ, ಪಡೆಯದವರಲ್ಲಿ 7.3. ನನ್ನ ಕೆಲಸದಲ್ಲಿ ಇಷ್ಟು ಸಂತೋಷದಿಂದ ಬರೆಯುವ ಮದ್ದು ಕಡಿಮೆ.

ಪ್ರಶ್ನೆ: ಒಂದೂವರೆ ವರ್ಷದ ಮೊಮ್ಮಗಳು ಸಿಟ್ಟಿನಲ್ಲಿ ಅತ್ತರೆ ಉಸಿರು ಕಟ್ಟಿ ನೀಲಿಯಾಗುತ್ತಾಳೆ. ಸಿನಾಪ್ಸ್‌ಗೆ ಪೆಟ್ಟಾಗುತ್ತಾ?
– ಒಬ್ಬ ಅಜ್ಜಿ

ಉತ್ತರ: ಇಲ್ಲ ಅಜ್ಜಿ, ಅದರಿಂದ ಮೆದುಳಿಗೆ ಏನೂ ಆಗುವುದಿಲ್ಲ. ಒಂದು ನಿಮಿಷದೊಳಗೆ ತಾನಾಗಿ ಉಸಿರು ಬರುತ್ತದೆ. ಪಕ್ಕಕ್ಕೆ ಮಲಗಿಸಿ. ಕುಲುಕಬೇಡಿ, ಬಾಯಿಗೆ ನೀರು ಹಾಕಬೇಡಿ. ಒಮ್ಮೆ ಡಾಕ್ಟರಿಗೆ ತೋರಿಸಿ, ರಕ್ತದಲ್ಲಿ ಕಬ್ಬಿಣಾಂಶ ನೋಡಲು ಹೇಳಿ. ಅದು ಕಡಿಮೆ ಇರುವ ಮಕ್ಕಳಲ್ಲಿ ಇದು ಜಾಸ್ತಿ.

ಪ್ರಶ್ನೆ: ನಮ್ಮ ಮಗುವಿಗೆ ಮಧ್ಯಮ ಹಂತದ ಪೆಟ್ಟು ಅಂದರು. ತಂಪು ಮಾಡಿದರು. ಈಗ 10 ವಾರ, ಮನೆಯಲ್ಲಿದೆ. ಒಂದು ರಕ್ತ ಪರೀಕ್ಷೆಯಿಂದ ಸಿನಾಪ್ಸ್ ಹೇಗಿದೆ ಅಂತ ತಿಳಿಯಬಹುದಾ? ಹಾಳಾದ ಕೊಂಡಿ ಮತ್ತೆ ಕಟ್ಟುತ್ತದಾ?
– ತಂದೆ, ತಾಯಿ

ಉತ್ತರ: ಬದುಕಿರುವ ಮಗುವಿನ ಸಿನಾಪ್ಸ್ ಪ್ರೋಟೀನ್ ಅಳೆದು ಮುಂದಿನದನ್ನು ಹೇಳುವ ಪರೀಕ್ಷೆ ಆಸ್ಪತ್ರೆಗಳಲ್ಲಿ ಇಲ್ಲ. ನಮಗೆ ದಾರಿ ತೋರಿಸುವುದು ಮೊದಲ ವಾರದ ಎಂಆರ್‌ಐ, ಇಇಜಿ, ಮತ್ತು ಮಗುವಿನ ಬೆಳವಣಿಗೆ.

ಕೊಂಡಿ ಮತ್ತೆ ಕಟ್ಟುವ ಬಗ್ಗೆ ನನ್ನಲ್ಲಿ ಸುಳ್ಳಲ್ಲದ ಒಂದು ಭರವಸೆ ಇದೆ. ಸಿನಾಪ್ಸ್‌ನ ಪ್ರೋಟೀನ್‌ಗಳು ಶಾಶ್ವತ ಅಲ್ಲ. ಬಹುತೇಕ ಪ್ರೋಟೀನ್‌ಗಳು ಕೆಲವು ದಿನ, ಕೆಲವು ವಾರದಲ್ಲಿ ಒಡೆದು ಹೊಸದಾಗಿ ಬರುತ್ತವೆ. ಕೋಶ ಉಳಿದಿದ್ದರೆ ಅದು ತನ್ನ ಕೊಂಡಿಯನ್ನು ಮತ್ತೆ ಮತ್ತೆ ಕಟ್ಟುತ್ತಲೇ ಇರುತ್ತದೆ. ಪೀಟರ್ ಹಟನ್‌ಲೋಕರ್ ಮೆದುಳಿನ ತುಣುಕುಗಳಲ್ಲಿ ಸಿನಾಪ್ಸ್ ಎಣಿಸಿ, ಮಗುವಿಗೆ ದೊಡ್ಡವರಿಗಿಂತ ಎಷ್ಟೋ ಜಾಸ್ತಿ ಇರುತ್ತವೆ ಅಂತ ತೋರಿಸಿದರು. ನೋಟದ ಭಾಗದಲ್ಲಿ ಮೊದಲ ವರ್ಷದೊಳಗೇ ಅವು ಉತ್ತುಂಗಕ್ಕೆ ಬರುತ್ತವೆ. ಬಳಸಿದ ಕೊಂಡಿ ಉಳಿಯುತ್ತದೆ, ಬಳಸದ್ದು ಕಳಚುತ್ತದೆ. ಕೋಶಗಳೇ ಸತ್ತ ಜಾಗದಲ್ಲಿ ಮಾತ್ರ ಈ ಮಾತು ಪೂರ್ತಿ ಅನ್ವಯಿಸುವುದಿಲ್ಲ. ಅದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಅಲ್ಲೂ ಉಳಿದ ಭಾಗಗಳು ಬೇರೆ ದಾರಿ ಹುಡುಕುವುದನ್ನು ನಾನು ನೋಡಿದ್ದೇನೆ.

ಈಗ ಮಾಡಬೇಕಾದ್ದು ಇಷ್ಟು. ಕಿವಿ ಮತ್ತು ಕಣ್ಣಿನ ಪರೀಕ್ಷೆ ಆಗಿಲ್ಲದಿದ್ದರೆ ಈ ತಿಂಗಳೇ ಮಾಡಿಸಿ. ಎಚ್ಚರ ಇರುವಾಗ ನಿಮ್ಮ ಕಣ್ಣೆದುರೇ ಹೊಟ್ಟೆಯ ಮೇಲೆ ಮಲಗಿಸಿ ಆಡಿಸಿ, ಮುಖ ಹತ್ತಿರ ತಂದು ಮಾತಾಡಿಸಿ. 4 ತಿಂಗಳಾದರೂ ಮುಷ್ಟಿ ಬಿಗಿಯಾಗಿಯೇ ಇದ್ದರೆ, ಕತ್ತು ನಿಲ್ಲದಿದ್ದರೆ, ಒಂದೇ ಕೈ ಬಳಸಿದರೆ ಕಾಯದೆ ತೋರಿಸಿ. ಫಿಸಿಯೋಥೆರಪಿಗೆ ರೋಗದ ಹೆಸರು ಖಚಿತವಾಗುವವರೆಗೆ ಕಾಯಬೇಕಿಲ್ಲ. ಇನ್ನೊಂದು ಕೆಲಸ ಇದೆ, ಅದಕ್ಕೆ ಈಗಲೇ ಸರಿಯಾದ ಸಮಯ. 9ರಿಂದ 20 ವಾರದ ಮಕ್ಕಳು ಸುಮ್ನೆ ಮಲಗಿದ್ದಾಗ ಕೈ, ಕಾಲು, ಕತ್ತು ಎಲ್ಲ ಕಡೆಯೂ ಸಣ್ಣ ಸಣ್ಣದಾಗಿ ಮಿಸುಕಾಡುತ್ತಿರುತ್ತಾರೆ. ಹೈಂಜ್ ಪ್ರೆಕ್ಟ್‌ಲ್ ಗುರುತಿಸಿದ ಈ ಚಲನೆ ಇದೆಯೋ ಇಲ್ಲವೋ ಅನ್ನುವುದು ಮುಂದಿನದರ ಬಗ್ಗೆ ಅನೇಕ ಯಂತ್ರಗಳಿಗಿಂತ ಚೆನ್ನಾಗಿ ಹೇಳುತ್ತದೆ. ಮಗು ಹಾಲು ಕುಡಿದು ಎಚ್ಚರವಾಗಿ, ಅಳದೆ ಇರುವಾಗ ತೆಳು ಬಟ್ಟೆಯಲ್ಲಿ ಅಂಗಾತ ಮಲಗಿಸಿ. ಆಟಿಕೆ ಬೇಡ, ನೀವೂ ಮಾತಾಡಿಸಬೇಡಿ. ತಲೆಯಿಂದ ಕಾಲಿನವರೆಗೆ ಕಾಣುವ ಹಾಗೆ ಫೋನ್ ಹಿಡಿದು ಮೂರು ನಿಮಿಷ ವಿಡಿಯೋ ಮಾಡಿ, ಮುಂದಿನ ಭೇಟಿಯಲ್ಲಿ ನಿಮ್ಮ ಡಾಕ್ಟರಿಗೆ ತೋರಿಸಿ.